ಹೆಸರು ಮಾತ್ರ ಬ್ಯಾಡ್ರಿ

ಆಂಧ್ರದ ಗಡಿಯೊಳಗಿನ ನಮ್ಮ ರಾಯದುರ್ಗದಲ್ಲಿ ನನ್ನನ್ನು ಯಾರೂ ಪತ್ರಕರ್ತ ಎನ್ನುವುದಿಲ್ಲ, ವಿಲೇಕರಿ ಎನ್ನುತ್ತಾರೆ. ಅದು ತೆಲುಗಿನ ಮಾತು. ನಾನು ಸುದ್ದಿ ಬರೆಯುವುದೂ ತೆಲುಗು ಪತ್ರಿಕೆಗೇ. ಮನೆಯಲ್ಲಿ, ಜಗಳದಲ್ಲಿ ಮಾತ್ರ ಕನ್ನಡ. ಹೊಟ್ಟೆಪಾಡಿಗೆ ಕಚೇರಿಗಳ ಬೀದಿಯಲ್ಲಿ ಒಂದು ಜೆರಾಕ್ಸ್ ಅಂಗಡಿ. ಕೊರಳಲ್ಲಿ ಪ್ರೆಸ್ ಕಾರ್ಡ್ ನೇತುಹಾಕಿಕೊಂಡು ಪಹಣಿ ಜೆರಾಕ್ಸ್ ಮಾಡುವ ಗಂಡನನ್ನು ನೋಡಿದರೆ ನನ್ನ ಹೆಂಡತಿಗೆ ನಗು. ನನಗೆ ಮಾತ್ರ ಆ ಕಾರ್ಡಿನ ಬಗ್ಗೆ ಜಂಬವಿತ್ತು. ಅದಕ್ಕಿಂತ ದೊಡ್ಡ ಜಂಬ, ಸುದ್ದಿ ಕೊಟ್ಟವರ ಹೆಸರು ನನ್ನ ಬಾಯಿಂದ ಎಂದೂ ಹೊರಬಿದ್ದಿಲ್ಲ ಎನ್ನುವುದು.

ಆಕೆ ಮೊದಲು ಬಂದದ್ದು ಆಧಾರ್ ಕಾರ್ಡಿನ ಜೆರಾಕ್ಸ್‌ಗೆ. ಹುಡುಗಿಯರ ಹಾಸ್ಟೆಲ್ಲೊಂದರಲ್ಲಿ ಅಡುಗೆ ಸಹಾಯಕಿ. ಊರು ಯಾವುದೆಂದು ಬರೆಯುವುದಿಲ್ಲ. ಅಷ್ಟು ಬುದ್ಧಿ ಈಗ ಬಂದಿದೆ. ಗಂಡನಿಲ್ಲ, ಹೈಸ್ಕೂಲಿಗೆ ಹೋಗುವ ಮಗಳಿದ್ದಳು. ಅಂಗಡಿ ಖಾಲಿಯಾಗುವವರೆಗೆ ಮೂಲೆಯಲ್ಲಿ ನಿಂತಿದ್ದು, ಆಮೇಲೆ ಹತ್ತಿರ ಬಂದಳು.

"ಅಣ್ಣಾ, ಹಾಸ್ಟೆಲ್‌ನಾಗ ಅನ್ನದಾಗ ಹುಳ ಬರ್ತಾವ್ರಿ. ವಾರ್ಡನ್‌ಗ ಹೇಳಿದ್ರ, ಆರಿಸಿ ಹಾಕು ಅಂತಾರ. ನೂರಾರು ಹುಡುಗ್ರಿಗೆ ಹೆಂಗ್ರಿ ಆರಿಸೋದು?"

"ಫೋಟೋ ಬೇಕಕ್ಕಾ. ಇಲ್ಲಂದ್ರ ಸುಳ್ಳು ಅಂತಾರ."

"ಕೊಡ್ತೀನ್ರಿ. ನನ್ ಹೆಸರು ಮಾತ್ರ ಬ್ಯಾಡ್ರಿ. ಇದೊಂದು ಕೆಲ್ಸ ಹೋದ್ರ ನನ್ ಮಗಳ ಓದೂ ಹೋಗ್ತದ."

ಎದೆ ಮುಟ್ಟಿಕೊಂಡು ಮಾತು ಕೊಟ್ಟೆ.

ಎರಡು ದಿನ ಬಿಟ್ಟು ವಾಟ್ಸಾಪಿನಲ್ಲಿ ಫೋಟೋ ಬಂತು. ಸ್ಟೀಲ್ ತಟ್ಟೆ, ಅನ್ನ, ಬೇಳೆಸಾರು, ಅದರ ಮೇಲೆ ಮೂರು ಬಿಳಿ ಹುಳು. ಕೂಡಲೇ ಆಕೆಯ ಫೋನೂ ಬಂತು. "ಹುಡುಗ್ರ ಮುಖ ಎಲ್ಲೂ ಬಂದಿಲ್ಲಲ್ರಿ, ನೋಡ್ರಿ ಒಮ್ಮೆ." ಇಲ್ಲ ಎಂದೆ. ನಿಜಕ್ಕೂ ಇರಲಿಲ್ಲ. ಓದು ಬರೆಹ ಅಷ್ಟಕ್ಕಷ್ಟೇ ಇದ್ದ ಹೆಂಗಸಿಗೆ ಇದ್ದ ಎಚ್ಚರ ಕಂಡು ಮೆಚ್ಚಿಕೊಂಡೆ.

ಅನಂತಪುರದಲ್ಲಿ ಒಮ್ಮೆ ನಮಗೆಲ್ಲ ತರಬೇತಿ ಕೊಟ್ಟಿದ್ದರು. ಮಕ್ಕಳ ಗುರುತು ಬಿಡಬಾರದು, ಆಪಾದನೆ ಹೊತ್ತವರ ಮಾತನ್ನೂ ಕೇಳಬೇಕು, ಸಾಕ್ಷ್ಯವಿಲ್ಲದೆ ಬರೆದರೆ ಮಾನನಷ್ಟದ ಕೇಸು ಬೀಳುತ್ತದೆ ಎಂದು ವಕೀಲರೊಬ್ಬರು ಪಾಠ ಹೇಳಿದ್ದರು. ಒಂದನ್ನೂ ಬಿಡದೆ ಪಾಲಿಸಿದೆ. ವಾರ್ಡನ್‌ಗೆ ಫೋನ್ ಮಾಡಿದೆ, "ಎಲ್ಲಾ ಸುಳ್ಳು" ಎಂದ ಅವರ ಮಾತನ್ನೂ ಸೇರಿಸಿದೆ. ಸುದ್ದಿ ಕೊಟ್ಟವರ ಜಾಗದಲ್ಲಿ 'ಬಲ್ಲ ಮೂಲಗಳು' ಎಂದು ಬರೆದೆ. ಫೋಟೋ ಚೆನ್ನಾಗಿದೆಯೆಂದು ಪತ್ರಿಕೆಯ ಡೆಸ್ಕಿನವರು ಅದನ್ನು ನಾಲ್ಕು ಕಾಲಂ ಅಗಲ ಹಾಕಿದರು. ಬೆಳಿಗ್ಗೆ ಪೇಪರ್ ಬಿಚ್ಚಿ ಹೋಟೆಲಿನ ಮೇಜಿನ ಮೇಲೆ ಹರಡಿ, ಚಹಾ ಆರಿ ಹೋಗುವವರೆಗೂ ನನ್ನ ಸುದ್ದಿಯನ್ನು ನಾನೇ ಓದಿದೆ.

ಮೂರನೆಯ ದಿನ ವಿಚಾರಣೆಗೆ ಅಧಿಕಾರಿ ಬಂದರು. ನನ್ನನ್ನೂ ಕರೆಸಿದರು. ಹಾಸ್ಟೆಲಿನ ಊಟದ ಹಾಲ್. ಗೋಡೆಗೆ ಒತ್ತಿ ಕೆಲಸದವರು ಸಾಲಾಗಿ ನಿಂತಿದ್ದರು, ಆಕೆ ಕೊನೆಯಲ್ಲಿ. ಫೋಟೋ ಯಾರು ಕೊಟ್ಟರು ಎಂದು ಅಧಿಕಾರಿ ತೆಲುಗಿನಲ್ಲಿ ಕೇಳಿದರು. ನಾನು ಕಾಯುತ್ತಿದ್ದುದೇ ಆ ಪ್ರಶ್ನೆಗೆ. ಎದ್ದು ನಿಂತು ಪತ್ರಿಕಾ ಸ್ವಾತಂತ್ರ್ಯ, ವೃತ್ತಿಧರ್ಮ ಎಂದು ಭಾಷಣ ಬಿಗಿದೆ. ಜೈಲಿಗೆ ಹಾಕಿದರೂ ಹೆಸರು ಹೇಳುವುದಿಲ್ಲ ಎಂದೆ. ಜೈಲಿನ ಮಾತನ್ನು ಅಲ್ಲಿ ಯಾರೂ ಎತ್ತಿರಲಿಲ್ಲ. ಆಕೆ ಸೆರಗಿನಿಂದ ಬೆವರು ಒರೆಸಿಕೊಂಡಳು. ಅವಳ ಭುಜ ಸ್ವಲ್ಪ ಸಡಿಲವಾದದ್ದನ್ನು ಓರೆಗಣ್ಣಿನಲ್ಲಿ ನೋಡಿ ನಾನು ಇನ್ನಷ್ಟು ಉಬ್ಬಿದೆ.

ವಾರ್ಡನ್ ಸಿಟ್ಟಾಗಲಿಲ್ಲ. ಫೋನಿನಲ್ಲಿ ನಮ್ಮ ಪತ್ರಿಕೆಯ ಪುಟ ತೆರೆದು, ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿ, ಅಧಿಕಾರಿಯ ಮುಂದೆ ಹಿಡಿದರು. ಅಧಿಕಾರಿ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. ತಾಯಿಯ ಹೆಸರು, ಊರಿನ ಹೆಸರು, ಆಮೇಲೆ ಮಗಳ ಹೆಸರು, ಅಂದರೆ ಸಾಲಿನ ಕೊನೆಯಲ್ಲಿ ನಿಂತಿದ್ದ ಆಕೆಯದು.

ತಟ್ಟೆಯ ಅಂಚಿನಲ್ಲಿತ್ತು ಅದು. ಮದುವೆಯಲ್ಲಿ ಮಗಳಿಗೆ ಕೊಡುವ ಸ್ಟೀಲ್ ಪಾತ್ರೆಗೆ ಅಂಗಡಿಯಲ್ಲೇ ಕುಟುಕುಟು ಮಿಷನ್ನಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಸುತ್ತೇವಲ್ಲ, ಅದು. ಹಾಸ್ಟೆಲಿನಲ್ಲಿ ಕೆಲಸದವರು ಉಣ್ಣುವುದು ಮನೆಯಿಂದ ತಂದ ತಟ್ಟೆಯಲ್ಲಿ. ಮಕ್ಕಳ ತಟ್ಟೆ ಮುಟ್ಟಿದರೆ ಯಾರಾದರೂ ನೋಡಿಯಾರು ಎಂದು ಹೆದರಿ, ಆಕೆ ತನ್ನದರಲ್ಲೇ ಬಡಿಸಿಕೊಂಡು ಫೋಟೋ ತೆಗೆದಿದ್ದಳು. ಅವಳು ನೋಡಿದ್ದು ಮಕ್ಕಳ ಮುಖ. ನಾನು ನೋಡಿದ್ದು ಹುಳು. ನಮ್ಮ ಮನೆಯ ಪಾತ್ರೆಗಳ ಮೇಲೂ ಹೆಂಡತಿಯ ತವರಿನ ಹೆಸರುಗಳಿವೆ. ದಿನಾ ಅವುಗಳಲ್ಲೇ ಉಂಡು ಎದ್ದವನು ನಾನು. ನನ್ನ ಕಣ್ಣಿಗೆ ಮಣ್ಣು ಬಿದ್ದಿತ್ತೇ? ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯ.

ಆಕೆ ಅಳಲಿಲ್ಲ. ಆ ಕ್ಷಣ ನನ್ನ ಕಡೆ ನೋಡಲೂ ಇಲ್ಲ.

ಅಕ್ಕಿ ಬದಲಾಯಿತು. ವಾರ್ಡನ್ ಅಲ್ಲೇ ಉಳಿದರು. ಆಕೆ ಗುತ್ತಿಗೆಯ ಕೆಲಸದವಳು. ನಾಳೆಯಿಂದ ಬರಬೇಡ ಎಂದರೆ ಮುಗಿಯಿತು. ಏನಾದರೂ ಮಾಡಬಹುದೇ ಎಂದು ಪರಿಚಯದ ವಕೀಲರನ್ನು ಕೇಳಿದೆ. ಹೆಸರು ಅಚ್ಚು ಹಾಕುವುದಿಲ್ಲವೆಂದು ನೀವು ಅವಳಿಗೆ ಕೊಟ್ಟದ್ದು ಬರೀ ಮಾತು, ಅದಕ್ಕೆ ಯಾವ ಕೋರ್ಟು ಎಂದರು. ಡೆಸ್ಕಿಗೆ ಹೇಳಿದಾಗ ಅವರಿಗೆ ಹೊಸ ಹುರುಪು. ಹುಳು ತೋರಿಸಿದವಳ ಕೆಲಸ ಹೋಯಿತು ಎಂದು ಬರೆಯಿರಿ, ಹೇಗೂ ಗುಟ್ಟು ಬಯಲಾಗಿದೆ, ಈ ಸಲ ಹೆಸರು, ಫೋಟೋ ಎರಡೂ ಇರಲಿ ಎಂದರು.

ಅದನ್ನು ಕೇಳಲು ಅವಳ ಮನೆಗೆ ಹೋದೆ. ಆಗಲೇ ಜೀನ್ಸ್ ಹೊಲಿಯುವವರಿಂದ ಪ್ಯಾಂಟು ಮನೆಗೆ ತಂದು ದಾರ ಕತ್ತರಿಸುವ ಕೆಲಸ ಹಿಡಿದಿದ್ದಳು. ಪಕ್ಕದಲ್ಲಿ ಕೂತು ಮಗಳೂ ಪ್ಯಾಂಟಿನ ದಾರ ಕತ್ತರಿಸುತ್ತಿದ್ದಳು. ಶಾಲೆಯ ದಿನ ಅದು. ತಪ್ಪಾಯಿತಕ್ಕಾ ಎಂದೆ. ಪತ್ರಿಕೆಯವರು ಹೇಳಿದ್ದನ್ನೂ ಹೇಳಿದೆ, ನಾಚಿಕೆಯಿಲ್ಲದೆ.

ಆಕೆ ಒಳಗೆ ಹೋಗಿ ಅನ್ನ ಸಾರು ಬಡಿಸಿಕೊಂಡು ತಂದಳು. ಅದೇ ತಟ್ಟೆ. ಅಂಚಿನಲ್ಲಿ ಒಂದು ಗೇಣು ಉದ್ದಕ್ಕೆ ಕಲ್ಲಿನಿಂದ ತಿಕ್ಕಿ ತಿಕ್ಕಿ ಸ್ಟೀಲು ಮಂಕಾಗಿತ್ತು.

"ನಮ್ಮವ್ವ ಹಾಕ್ಸಿದ್ದ ಹೆಸರ್ರಿ ಅದು. ಅವ್ವ ಇಲ್ಲ ಈಗ," ಎಂದಳು. "ಫೋಟೋ ಬೇಕಂದ್ರ ಇದನ್ನ ತಕ್ಕೊಳ್ರಿ ಅಣ್ಣಾ. ಈಗ ಯಾರ್ ಹೆಸರೂ ಇಲ್ಲ ಅದ್ರಾಗ."

ಮಗಳು ತಲೆಯೆತ್ತಿ ನನ್ನನ್ನು ನೋಡಿ, ಮತ್ತೆ ಕತ್ತರಿ ಹಿಡಿದಳು. ನಾನು ಆ ತಟ್ಟೆಯಲ್ಲಿ ಉಂಡೆ.