ಹಿಂದಿನ ಸೀಟಿನ ರೆಕಾರ್ಡಿಂಗ್

ಸಿನಿಮಾದಲ್ಲಿ ಕೆಲಸ ಎಂದರೆ ಜನ ಏನೇನೋ ಅಂದುಕೊಳ್ಳುತ್ತಾರೆ. ನಾನು ಸೌಂಡ್ ರೆಕಾರ್ಡ್ ಮಾಡುವವನು. ಆ ಸಿನಿಮಾದಲ್ಲಿ ನನ್ನ ಜಾಗ ಕಾರಿನ ಹಿಂದಿನ ಸೀಟಿನ ಕಾಲಡಿ. ಕ್ಯಾಮೆರಾಕ್ಕೆ ಕಾಣಬಾರದೆಂದು ಕಪ್ಪು ಬಟ್ಟೆ ಹೊದ್ದು ಮುದುಡಿಕೊಳ್ಳಬೇಕು. ಬೆಳಗ್ಗೆ ಲಾಸ್ ಏಂಜಲೀಸ್‌ನ ಪೋರ್ಟರ್ ರ್ಯಾಂಚ್ ಬಿಟ್ಟರೆ ಸ್ಯಾನ್ ಡಿಯಾಗೊ ಮುಟ್ಟುವುದರೊಳಗೆ ಸೊಂಟ ನನ್ನ ಮಾತು ಕೇಳುತ್ತಿರಲಿಲ್ಲ.

ಲಾಸ್ ಏಂಜಲೀಸ್‌ನ ಕಪ್ಪು ಗಂಡಸೊಬ್ಬ, ಬಹುಕಾಲ ಮಾತು ಬಿಟ್ಟಿದ್ದ ಅಪ್ಪನನ್ನು ನೋಡಲು ಸ್ಯಾನ್ ಡಿಯಾಗೊಗೆ ಒಬ್ಬನೇ ಡ್ರೈವ್ ಮಾಡುವ ಕಥೆ. ಬರೆದವನು, ನಿರ್ದೇಶಕ, ನಾಯಕ ಎಲ್ಲ ಒಬ್ಬನೇ. ಅವನೂ ಕಪ್ಪು ಮನುಷ್ಯ. ದಾರಿಯಲ್ಲಿ ಪೊಲೀಸ್ ತಡೆದಾಗ ನಾಯಕ ದನಿ ಎತ್ತಿ ‘ನನ್ನದೇನು ತಪ್ಪು?’ ಎಂದು ಕೇಳುವ ದೃಶ್ಯಕ್ಕಾಗಿಯೇ ಅವನು ಈ ಸಿನಿಮಾಕ್ಕೆ ಕೈ ಹಾಕಿದ್ದ.

“ನನ್ನ ಮಗಳು ನೋಡ್ಬೇಕು. ಅವಳಪ್ಪ ಒಂದ್ಸಲನಾದ್ರೂ ಹೆದರದೆ ಮಾತಾಡಿದ್ದು ಅವಳ ಕಿವಿಗೆ ಬೀಳ್ಬೇಕು,” ಎನ್ನುತ್ತಿದ್ದ.

ಸ್ಯಾನ್ ಡಿಯಾಗೊ ಹತ್ತಿರದ ಪೊವೇಯಲ್ಲಿ ಭಾನುವಾರ ಆಫೀಸುಗಳೆಲ್ಲ ಮುಚ್ಚಿದ್ದ ರಸ್ತೆ. ಪೊಲೀಸ್ ಪಾತ್ರದವನು ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ರಿಹರ್ಸಲ್ ಆಗಲಿ ಎಂದು ಕಾರು ಬದಿಗೆ ಹಾಕಿ ರೆಕಾರ್ಡರ್ ಆನ್ ಮಾಡಿದೆವು. ಯಾರೋ ಕಿಟಕಿ ತಟ್ಟಿದರು. ಬಟ್ಟೆ ಸರಿಸಿದರೆ ಯೂನಿಫಾರ್ಮ್. ಸದ್ಯ, ಬಂದನಲ್ಲ ಪುಣ್ಯಾತ್ಮ ಅಂದುಕೊಂಡು, ಸೆಟ್ಟಿನ ಅಭ್ಯಾಸದಂತೆ ತುಟಿಗೆ ಬೆರಳಿಟ್ಟು ‘ಶ್’ ಎಂದೆ. ಅವನ ಕೈ ಸೊಂಟದ ಪಿಸ್ತೂಲಿಗೆ ಹೋಯಿತು. ಇವನು ನಮ್ಮವನಲ್ಲ, ನಿಜವಾದ ಪೊಲೀಸ್ ಎಂದು ಆಗ ಗೊತ್ತಾಯಿತು.

ಅವನು ಕೇಳಿದ್ದು ನನ್ನನ್ನು. “ಸರ್, ನೀವು ಸೇಫಾಗಿದ್ದೀರಾ? ಬಲವಂತವಾಗಿ ಕರ್ಕೊಂಡು ಬಂದಿದ್ದಾರಾ?”

ಕಾಲಡಿ ಬಟ್ಟೆ ಹೊದ್ದು ಬಿದ್ದಿರುವ ನಾನು ಅಪಹರಣವಾದವನು ಎಂದು ಅವನ ಲೆಕ್ಕ. ಶೂಟಿಂಗ್ ಎಂದು ತೊದಲಿದೆ. ಪರ್ಮಿಟ್ ನಿರ್ದೇಶಕನ ಜೇಬಿನಲ್ಲೇ ಇತ್ತು. ಆದರೆ ಜೇಬಿಗೆ ಕೈ ಹೋದರೆ ಗುಂಡು ಹಾರೀತೆಂದು ಅವನು ಸ್ಟಿಯರಿಂಗ್ ಮೇಲಿನ ಕೈಗಳನ್ನು ತೆಗೆಯಲಿಲ್ಲ. “ಎಡಗಡೆ ಜೇಬಲ್ಲಿದೆ, ದಯವಿಟ್ಟು ನೀವೇ ತಗೊಳ್ಳಿ ಸರ್,” ಎಂದ, ಬಲು ಮೆತ್ತಗೆ. ಪೊಲೀಸ್ ಓದಿ, ವಾಪಸ್ ಕೊಟ್ಟು, ಸಿನಿಮಾ ಚೆನ್ನಾಗಿ ಆಗಲಿ ಎಂದು ಹಾರೈಸಿ ಹೋದ.

ಆಮೇಲೆ ಪಾತ್ರದವನು ಬಂದ. ದೃಶ್ಯ ಮತ್ತೆ ಮತ್ತೆ ತೆಗೆದೆವು. ನಿರ್ದೇಶಕನ ಬಾಯಿಂದ ಆ ಮಾತು ಹೊರಡಲೇ ಇಲ್ಲ. ಕೊನೆಗೆ ಪ್ಯಾಕಪ್ ಎಂದ. ನನಗೂ ಸಾಕುಸಾಕಾಗಿತ್ತು. ಹಾರೈಸಿ ಹೋದವನ ಮೇಲೆ ಮೈಯೆಲ್ಲ ಉರಿಯುತ್ತಿತ್ತು.

ಸ್ಯಾನ್ ಡಿಯಾಗೊದ ಕರ್ನಿ ಮೆಸಾದಲ್ಲಿ ಊಟಕ್ಕೆ ಕೂತಾಗ ನಿರ್ದೇಶಕ ನನ್ನ ಹೆಡ್‌ಫೋನ್ ಕೇಳಿ ತೆಗೆದುಕೊಂಡ. ಪೊಲೀಸ್ ಬಂದಾಗಲೂ ರೆಕಾರ್ಡರ್ ಓಡುತ್ತಲೇ ಇತ್ತು. ಅದರಲ್ಲಿ ಎಲ್ಲರ ಮಾತಿಗಿಂತ ಹತ್ತಿರದಲ್ಲಿ ನಿರ್ದೇಶಕನ ಉಸಿರು: ಮೂಗಿನಲ್ಲಿ ಎಳೆದುಕೊಂಡು, ಹಿಡಿದು, ಬಹಳ ಹೊತ್ತಿನ ಮೇಲೆ ಬಿಡುವ ಉಸಿರು. ಅಳಿಸಿಬಿಡಲಾ ಎಂದೆ.

“ಬೇಡ,” ಎಂದ. “ಚಿಕ್ಕೋನಿದ್ದಾಗ ನಮ್ಮಪ್ಪ ಡ್ರೈವ್ ಮಾಡ್ತಾ ಪೊಲೀಸ್ ಕಾರು ಎದುರಾದಾಗ ಹಿಂದೆ ಕೂತು ಇದನ್ನೇ ಕೇಳ್ತಿದ್ದೆ. ಉಬ್ಬಸ ಇರ್ಬೇಕು ಅಂದ್ಕೊಂಡಿದ್ದೆ.”

ಊಟ ಆರಿ ಹೋಗಿತ್ತು. ಅವನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

“ನನ್ನ ಮಗಳೂ ಹಿಂದಿನ ಸೀಟಲ್ಲೇ ಕೂರೋದು,” ಎಂದ.