ಬೆನ್ನಿಗೆ ಬೀಳದ ಗುದ್ದು

ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ. ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕು. ಆಗ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆಂದು ಕೇಳಿದರೆ ಯಾರೂ ಹೇಳುವುದಿಲ್ಲ, ಇನ್ನೊಂದು ಗುದ್ದು ಹಾಕುತ್ತಾರೆ ಅಷ್ಟೇ.

ನಾನು ಸಣ್ಣವಳಿದ್ದಾಗ ಸುರಪುರದ ಚಿಕ್ಕಪ್ಪನ ಮನೆಯಲ್ಲಿ ತೊಟ್ಟಿಲ ಕಾರ್ಯ. ಹೆಸರಿಡಲು ಬಗ್ಗಿದ ನಮ್ಮತ್ತೆಗೆ ನಾನು ಹಾಕಿದ ಗುದ್ದಿಗೆ ಆಕೆ ಮರುದಿನವೂ ಎಣ್ಣೆ ತಿಕ್ಕಿಸಿಕೊಂಡಳು. ನನ್ನ ಕಿವಿ ಹಿಂಡಿ ಹೇಳಿದ್ದಳು: "ನಿನಗೂ ಒಬ್ಬ ತಮ್ಮ ಅದಾನ. ಅವನ ಕೂಸು ತೊಟ್ಟಿಲಿಗೆ ಬರ್ಲಿ, ನೋಡ್ಕೋತೀನಿ."

ಕೂಸು ಬಂತು. ಶಹಾಪುರದ ನಮ್ಮ ಮನೆಗೆ ಮೊದಲ ಮೊಮ್ಮಗಳು. ನಾನಿದ್ದದ್ದು ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ, ಎದ್ದು ಕೂರಲಾಗದವರ ವಾರ್ಡಿನ ನರ್ಸಾಗಿ. ದಿನವಿಡೀ ಮಂದಿಯನ್ನು ಹೊರಳಿಸುವುದು, ಎತ್ತುವುದು, ಒರೆಸುವುದು. ನಿದ್ದೆ ಮಾಡಿದರೆ ಹೋಗುವ ದಣಿವಲ್ಲ ಇದು. ರಜೆ ಕೇಳಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ದೊಡ್ಡ ಡಾಕ್ಟರು ಹೂಂ ಅಂದರು, ಡ್ಯೂಟಿ ಹಾಕುವವಳು ಮುಂದಿನ ತಿಂಗಳು ಅಂದಳು. ಮುಂದಿನ ತಿಂಗಳು ಮತ್ತೆ ಅದೇ ಹಾಡು.

ಮನೆಯವರು ನನಗಾಗಿ ಕಾದರು. ಕೂಸನ್ನು ಬರೀ ಕೂಸು ಎಂದೇ ಕರೆದರು. ಕೊನೆಗೆ ತಮ್ಮ ಫೋನ್ ಮಾಡಿದ. "ಅಕ್ಕ, ಕೂಸು ಬೋರಲ ಬೀಳಾಕತ್ತದ. ಇನ್ನ ಹೆಸರಿಲ್ಲಂದ್ರ ಮಂದಿ ನಗ್ತಾರ. ಫೋನಿನಾಗ ಹೇಳಿಬಿಡು."

ಒಪ್ಪಿದೆ. ಒಪ್ಪದೆ ಏನು ಮಾಡಲಿ? ಸಿಟ್ಟು ಬಂದಿತ್ತು, ಯಾರ ಮೇಲೆಂದು ತಿಳಿಯಲಿಲ್ಲ.

ಆ ಸಂಜೆ ಡ್ಯೂಟಿಯ ಬಟ್ಟೆ ಹಾಕಿಕೊಂಡೇ ಹಾಸ್ಟೆಲ್ಲಿನ ಮಂಚದ ಮೇಲೆ ಕೂತೆ. ಪರದೆಯಲ್ಲಿ ತೊಟ್ಟಿಲು, ಗುಗ್ಗರಿಯ ಬುಟ್ಟಿ, ಸುರಪುರದಿಂದ ಬಸ್ಸು ಹಿಡಿದು ಬಂದ ಅತ್ತೆ. ಪಕ್ಕದ ಮನೆಯ ಅಕ್ಕ ಬಗ್ಗಿ ಫೋನನ್ನು ಕೂಸಿನ ಕಿವಿಗೆ ಹಿಡಿದಳು. ಪರದೆ ಕತ್ತಲಾಯಿತು. ಸಣ್ಣ ಉಸಿರು ಕೇಳಿಸಿತು. ಕುರ್ರ್ ಎಂದೆ, ಹೆಸರು ಹೇಳಿದೆ.

ಧಪ್ ಧಪ್ ಎಂದು ಸದ್ದು. ಹೆಂಗಸರು ರೂಢಿಯ ಮೇಲೆ, ಬಗ್ಗಿದ್ದ ಪಕ್ಕದ ಮನೆಯಾಕೆಗೇ ಗುದ್ದುತ್ತಿದ್ದರು. "ಸಾಕ್ರೇ ಯವ್ವಾ, ನಾ ಅತ್ತಿ ಅಲ್ಲ" ಎಂದು ಆಕೆ ನಗುತ್ತಿದ್ದಳು. ನಾನೂ ನಕ್ಕೆ. ಗೊತ್ತಿಲ್ಲದೆಯೇ ಮಂಚದ ಮೇಲೆ ಬಗ್ಗಿ ಕೂತಿದ್ದೆ.

ಆಮೇಲೆ ಅತ್ತೆ ಫೋನ್ ಇಸಿದುಕೊಂಡಳು.

"ಆಕಿಗೆ ನೀನೂ ಗುದ್ದಿದೇನತ್ತಿ?"

"ಇಲ್ಲವ್ವಾ," ಅಂದಳು. "ಅದು ನಿನ್ನ ಬೆನ್ನಲ್ಲ."

ಫೋನ್ ಇಟ್ಟು ಸೊಂಟದ ಪಟ್ಟಿ ಬಿಗಿದುಕೊಂಡೆ. ಮಂದಿಯನ್ನು ಎತ್ತಿ ಎತ್ತಿ ಬೆನ್ನು ಎಂದಿನಂತೆ ನೋಯುತ್ತಿತ್ತು. ಮನೆಯವರ ಕೈಯ ಒಂದು ಗುದ್ದು ಅದರ ಮೇಲೆ ಬೀಳಲಿಲ್ಲವಲ್ಲ ಎಂದು ಅತ್ತುಬಿಟ್ಟೆ. ಕೆಳಗೆ ಡ್ಯೂಟಿಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು.