ಏಳು ಎಪ್ಪತ್ತರ ಬಸ್ಸು

ನನ್ನ ರೂಮ್‌ಮೇಟಿನ ಸಾಕ್ಸಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಮತ್ತೆ ನೀವು ಬೇಜಾರು ಮಾಡಬಾರದು. ಅವನು ಅದನ್ನು ಒಗೆದದ್ದು ನೋಡಿದವರು ಈ ನಿಟ್ಟೆಯ ಹಾಸ್ಟೆಲಿನಲ್ಲಿ ಯಾರೂ ಇಲ್ಲ. ಕಿಟಕಿಯಲ್ಲಿ ನೇತು ಹಾಕಿದರೆ ಕಾಗೆ ಕೂಡ ಅಡ್ಡದಾರಿ ಹಿಡಿಯುತ್ತದೆ. ನಿನ್ನೆ ಸಂಜೆ ಅವನಿಗೇ ತಡೆಯಲಿಕ್ಕೆ ಆಗಲಿಲ್ಲ ಅಂತ ಕಾಣುತ್ತದೆ, ಒಂದು ಊದುಬತ್ತಿ ಹಚ್ಚಿದ. ಸಿಕ್ಕಿಸಿದ್ದು ಎಲ್ಲಿ? ನನ್ನ ಕಂಪ್ಯೂಟರಿನ ಹಿಂದೆ, ಫ್ಯಾನ್ ತಿರುಗುವ ಜಾಗದಲ್ಲಿ. ಬಿಸಿ ಪ್ಲಾಸ್ಟಿಕ್ಕು, ಧೂಳು, ಮಲ್ಲಿಗೆ ಊದುಬತ್ತಿ, ಮೂರೂ ಒಟ್ಟಿಗೆ ಮೂಗಿಗೆ ಬಂತು ನೋಡಿ, ನಾನು ನೆನಪಿನಲ್ಲಿ ಸೀದಾ ಆದಿ ಉಡುಪಿಗೆ ಹೋಗಿ ಬಿದ್ದೆ.

ಅದೇ ಹೊತ್ತಿಗೆ ಬಾಗಿಲಲ್ಲಿ ಬಸವರಾಜ ನಿಂತಿದ್ದ. ಫಸ್ಟ್ ಇಯರ್ ಹುಡುಗ, ಗದಗ ಕಡೆಯವನು. ನನಗೆ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಬರುತ್ತದೆ ಅಂತ ಇಡೀ ಬ್ಲಾಕಿಗೆ ಗೊತ್ತುಂಟು, ಯಾಕೆಂದರೆ ಬಾಗಿಲು ಬಾಗಿಲಿಗೆ ಹೋಗಿ ನಾನೇ ಹೇಳಿದ್ದೇನೆ.

"ಅಣ್ಣಾ, ನನ್ನ ಪ್ರೋಗ್ರಾಂ ಆಗವಲ್ದ್ರೀ," ಅಂದ.

"ಕೂತುಕೋ ಮಾರಾಯ, ನೋಡುವ," ಅಂದೆ, ದೊಡ್ಡ ಡಾಕ್ಟರರ ಹಾಗೆ. ಅವನು ಮಂಚದ ತುದಿಯಲ್ಲಿ ಕೂತ. ಸ್ವಲ್ಪ ಹೊತ್ತು ಅಲ್ಲೇ ಕೂತಿರಲಿ. ಅಷ್ಟರಲ್ಲಿ ನಿಮಗೆ ಆದಿ ಉಡುಪಿಯ ಕಥೆ ಹೇಳಿಬಿಡುತ್ತೇನೆ.

ನಾನು ಆಗ ಒಂಬತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿದ್ದೆ. ನಮ್ಮ ಮನೆ ಕಾಪುವಿನಲ್ಲಿ. ರಜೆಯಲ್ಲಿ ನಾನು ಮನೆಯಲ್ಲಿದ್ದರೆ ಮಾಡಿನ ಹಂಚು ಉಳಿಯುವುದಿಲ್ಲ ಅಂತ ಅಮ್ಮ ನನ್ನನ್ನು ಹೇಮಕ್ಕನ ಜೊತೆಗೆ ಗಂಟು ಹಾಕಿದರು. ಹೇಮಕ್ಕ ನನ್ನ ಅತ್ತೆಯ ಮಗಳು. ಡಿಗ್ರಿ ಮುಗಿಸಿ ಆದಿ ಉಡುಪಿಯ ಮಾರ್ಕೆಟ್ ಯಾರ್ಡಿನ ಹತ್ತಿರ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕೆ ಇದ್ದಳು. ಕೆಳಗೆ ತೆಂಗಿನಕಾಯಿ ಮಂಡಿ, ಮೇಲೆ ಸೆಂಟರ್. ಎರಡಕ್ಕೂ ಸೇರಿ ಒಂದೇ ಟೆಲಿಫೋನ್ ಲೈನು. ನಾವು ಮೇಲೆ ಇಂಟರ್ನೆಟ್ ಹಾಕಿ, ಅದು ಕೊಂಯ್ ಕುಂಯ್ ಅಂತ ಅತ್ತು ಕರೆದು ಕನೆಕ್ಟ್ ಆಗುವಾಗ, ಕೆಳಗೆ ಮಂಡಿಯವರು ರಿಸೀವರ್ ಎತ್ತಿ "ಹಲೋ, ಕಾಯಿ ಎಷ್ಟುಂಟು?" ಅಂತ ಕೇಳುತ್ತಿದ್ದರು. ಅಲ್ಲಿಗೆ ನಮ್ಮ ಇಂಟರ್ನೆಟ್ಟಿನ ಕಥೆ ಮುಗಿಯಿತು.

ಸೆಂಟರಿನ ಯಜಮಾನರು ಪದ್ಮನಾಭ ಸರ್. ಬೆಳಿಗ್ಗೆ ಬಂದ ಕೂಡಲೇ ಎಲ್ಲಾ ಕಂಪ್ಯೂಟರುಗಳಿಗೆ ಊದುಬತ್ತಿ ತೋರಿಸುತ್ತಿದ್ದರು. ಮಾನಿಟರಿಗೆ ಮೂರು ಸುತ್ತು, ಸಿಪಿಯುಗೆ ಮೂರು ಸುತ್ತು. ಪ್ರಿಂಟರಿಗೆ ಮಾತ್ರ ಆರು, ಅದು ಸ್ವಲ್ಪ ಹಠದ್ದು. ಅವರಿಗೆ ಮಣಿಪಾಲದ ಯಾರೋ ಇಂಜಿನಿಯರಿಂಗ್ ಹುಡುಗ "ಸರ್, ಇನ್ನು ಮುಂದೆ ಎಲ್ಲಾ ಪೈಥಾನೇ" ಅಂತ ಹೇಳಿದ್ದನಂತೆ. ಮರುದಿನವೇ ಸರ್ ಬೋರ್ಡ್ ಬರೆಸಿದರು: ಪೈಥಾನ್ ಕಲಿಸಲಾಗುವುದು. ಕಲಿಸುವವರು ಯಾರು ಅಂತ ಬೋರ್ಡ್ ಏರಿಸಿ ಆದ ಮೇಲೆ ಯೋಚನೆ ಮಾಡಿದರು. (ಹೆಬ್ಬಾವಿನ ಜೋಕು ನಾನು ಮಾಡುವುದಿಲ್ಲ. ನಮ್ಮ ಮಾವ ಅದನ್ನು ಎರಡು ಮದುವೆ, ಒಂದು ಗೃಹಪ್ರವೇಶದಲ್ಲಿ ಮಾಡಿ ಮುಗಿಸಿದ್ದಾರೆ.)

ಹೇಮಕ್ಕನಿಗೆ ಆ ಪೈಥಾನ್ ಬ್ಯಾಚಿಗೆ ಕಲಿಸುವ ಕೆಲಸ ಬೇಕಿತ್ತು. ಅವಳ ಕೆಲಸ ಏನು ಅಂದರೆ ಲಗ್ನಪತ್ರಿಕೆ ಟೈಪ್ ಮಾಡುವುದು. ಬೆಳಿಗ್ಗೆಯಿಂದ ಸಂಜೆವರೆಗೆ ಕಂಡ ಕಂಡವರ ಚಿರಂಜೀವಿ, ಕಂಡ ಕಂಡವರ ಸೌಭಾಗ್ಯವತಿ. ಅವಳು ನಿದ್ದೆಯಲ್ಲಿ "ತಮ್ಮ ಆಗಮನಾಭಿಲಾಷಿಗಳು" ಅಂತ ಕೂಗಿ ಎದ್ದು ಕೂತಿದ್ದಾಳೆ ಅಂತ ಅತ್ತೆಯೇ ಹೇಳಿದ್ದು. ನಾನು ಸುಳ್ಳು ಹೇಳುವುದಿಲ್ಲ, ಅತ್ತೆ ಹೇಳಿದರೆ ಗೊತ್ತಿಲ್ಲ.

"ಸರ್, ಬ್ಯಾಚ್ ನಾನು ತೆಗೆದುಕೊಳ್ಳುತ್ತೇನೆ," ಅಂದಳು ಒಂದು ದಿನ.

ಸರ್ ಊದುಬತ್ತಿ ಹಿಡಿದುಕೊಂಡೇ ತಿರುಗಿದರು. "ನಿನಗೆ ಬರುತ್ತದಾ?"

"ಕಲಿಯುತ್ತಾ ಇದ್ದೇನೆ."

"ಹಾಗಾದರೆ ಹೀಗೆ ಮಾಡುವ. ಆದಿತ್ಯವಾರ ಮಕ್ಕಳನ್ನು ಸೇರಿಸುವ ಪೇರೆಂಟ್ಸ್ ಬರುತ್ತಾರೆ. ಅವರೆದುರು ಒಂದು ಪ್ರೋಗ್ರಾಂ ಮಾಡಿ ತೋರಿಸು, ಬಸ್ಸಿನ ಟೈಮಿನದ್ದು. ನಮ್ಮ ಊರಿನವರಿಗೆ ಬಸ್ಸು ಅಂದರೆ ಅರ್ಥ ಆಗುತ್ತದೆ. ಸರಿ ಆದರೆ ಬ್ಯಾಚು ನಿನಗೆ. ಇಲ್ಲದಿದ್ದರೆ ಮಣಿಪಾಲದ ಹುಡುಗನನ್ನು ಕರೆಸುತ್ತೇನೆ, ನಿನಗೆ ಲಗ್ನಪತ್ರಿಕೆ ಉಂಟಲ್ಲ?"

ಬಸ್ಸು ಉಡುಪಿಯಿಂದ ಇಷ್ಟು ಹೊತ್ತಿಗೆ ಬಿಟ್ಟರೆ ಮಣಿಪಾಲಕ್ಕೆ, ಕಾರ್ಕಳಕ್ಕೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ, ಅದನ್ನು ಕಂಪ್ಯೂಟರ್ ಹೇಳಬೇಕು. ಎಂತ ಮಹಾ! ಬಸ್ಸಿನ ಟೈಮುಗಳನ್ನು ಟೈಪ್ ಮಾಡಿದ್ದು ನಾನು, ಪಿಯಾನೋ ಬಾರಿಸುವವರ ಹಾಗೆ ಬೆರಳು ಎತ್ತಿ ಎತ್ತಿ. 7.50, 8.10, 8.25. ಬಸ್‌ಸ್ಟ್ಯಾಂಡಿನ ಬೋರ್ಡಿನಲ್ಲಿ ಹೇಗೆ ಉಂಟೋ ಹಾಗೆಯೇ. ಹೇಮಕ್ಕ ಪ್ರೋಗ್ರಾಂ ಓಡಿಸಿದಳು. 7.50ರ ಬಸ್ಸಿಗೆ ಇಪ್ಪತ್ತು ನಿಮಿಷ ಕೂಡಿಸಿದರೆ ಮಣಿಪಾಲ. ಪರದೆಯ ಮೇಲೆ ಬಂತು: 7.7.

"ಇದು ಎಂತದು?" ಅಂದಳು.

"ಏಳು ಎಪ್ಪತ್ತು," ಅಂದೆ ನಾನು ಗಂಭೀರವಾಗಿ.

ಅದು ಸಾಲದು ಅಂತ, ಎಲ್ಲಾ ಟೈಮುಗಳನ್ನು ಒಟ್ಟಿಗೆ ತೋರಿಸು ಅಂದರೆ 8.10 ಇದ್ದ ಜಾಗದಲ್ಲಿ 8.0999999999999996 ಅಂತ ಬಂತು. ಒಂಬತ್ತುಗಳ ಮೆರವಣಿಗೆ, ಕೊನೆಗೆ ಒಂದು ಆರು, ದಾರಿ ತಪ್ಪಿ ಬಂದವನ ಹಾಗೆ. ನಾವು ಮೂವರೂ ಅದನ್ನೇ ನೋಡಿದೆವು. ಕಂಪ್ಯೂಟರಿಗೆ ಬಿಸಿ ಆಗಿದೆ ಅಂತ ಸರ್ ಟೇಬಲ್ ಫ್ಯಾನ್ ತಿರುಗಿಸಿ ಇಟ್ಟರು. ನಾನು ವೈರಸ್ ಅಂದೆ. ನನಗೆ ಆಗ ಗೊತ್ತಿದ್ದ ಕಾಯಿಲೆ ಅದೊಂದೇ. ಆಮೇಲೆ ಸರ್ ಮಾನಿಟರನ್ನು ಪೂರ್ವಕ್ಕೆ ತಿರುಗಿಸಿದರು. ಪೂರ್ವಕ್ಕೆ ಮುಖ ಮಾಡಿಯೂ ಅದು ಏಳು ಎಪ್ಪತ್ತೇ ಹೇಳಿತು.

ಹೊಸಬರು ಪೈಥಾನ್ ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಒಂದು ಇಮೇಲ್ ಗುಂಪು ಉಂಟು ಅಂತ ಹೇಮಕ್ಕ ಎಲ್ಲಿಯೋ ಓದಿದ್ದಳು. ಪುಕ್ಕಟೆ. ಗುರುತು ಪರಿಚಯ ಇಲ್ಲದವರು ಯಾಕೆ ಪುಕ್ಕಟೆ ಹೇಳಿಕೊಡುತ್ತಾರೆ ಅಂತ ಸರ್‌ಗೆ ಸಂಶಯ. ಹೇಮಕ್ಕ ಬರೆಯಲು ಕೂತಳು. ನಾವೆಲ್ಲ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು ಒಂದೇ, ರಜಾ ಅರ್ಜಿ. ಹಾಗಾಗಿ ಇದೂ ಹಾಗೆಯೇ ಬಂತು. ಮೊದಲು ಇವರಿಂದ, ಆಮೇಲೆ ಇವರಿಗೆ. ವಿಷಯ: ಎರರ್ ಬಂದಿರುವ ಬಗ್ಗೆ. ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ಎರಡು ದಿನಗಳಿಂದ ಎರರಿನಿಂದ ಬಳಲುತ್ತಿದ್ದು, ತಾವು ದಯಮಾಡಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೋರಿಕೆ. ಇಂತಿ ತಮ್ಮ ವಿಧೇಯ. "ತಂದೆಯ ಸಹಿ ಬೇಡವಾ?" ಅಂತ ನಾನು ಕೇಳಿದೆ. ತಲೆಗೆ ಒಂದು ಬಿತ್ತು.

ನೋಡಿ, ಎಲ್ಲಾ ಇತ್ತು ಅದರಲ್ಲಿ. ಎರರ್ ಎಂತದು ಅನ್ನುವುದು ಮಾತ್ರ ಇರಲಿಲ್ಲ.

ಮರುದಿನ ಉತ್ತರ ಬಂತು. ಬರೆದವನ ಹೆಸರು ಮಾರ್ಟಿನ್. ಸರ್‌ಗೆ ಭಯಂಕರ ಖುಷಿ. "ನಮ್ಮ ಪಕ್ಕದ ಊರು ಶಿರ್ವದ ಮಾರ್ಟಿನ್ ಅಲ್ವಾ? ಮಸ್ಕತ್ತಿನಲ್ಲಿ ಇದ್ದಾನೆ. ಅವನ ಅಪ್ಪ ನನಗೆ ಗೊತ್ತು!" ಅಲ್ಲ ಸರ್, ಇವನು ಯಾವುದೋ ಚಳಿ ದೇಶದವನು ಅಂದರೂ ಕೇಳಲಿಲ್ಲ. ಮಾರ್ಟಿನ್ ಬರೆದದ್ದು ಎರಡೇ ಪ್ರಶ್ನೆ. ಎಂತ ಆಗಬೇಕು ಅಂತ ನೀವು ಅಂದುಕೊಂಡಿದ್ದಿರಿ? ಆದದ್ದು ಎಂತ?

"ಇದು ಎಂತ ಉತ್ತರ! ನಾವು ಕೇಳಿದರೆ ಅವನೇ ತಿರುಗಿ ಕೇಳುವುದಾ?" ಅಂತ ನನಗೆ ಸಿಟ್ಟು ಬಂತು. ಹೇಮಕ್ಕ ಮಾತ್ರ ಸುಮ್ಮನೆ ಬರೆದಳು: ಆಗಬೇಕಾದದ್ದು 8.10. ಆದದ್ದು 8.0999999999999996.

ಅದಕ್ಕೆ ಮಾರ್ಟಿನ್ ಬರೆದ, ಅವೆರಡೂ ಒಂದೇ ಅಂತ! ಕಂಪ್ಯೂಟರಿನ ಹೊಟ್ಟೆಯಲ್ಲಿ ಕೆಲವು ದಶಾಂಶಗಳು ಸರಿಯಾಗಿ ಹಿಡಿಸುವುದಿಲ್ಲವಂತೆ, ಕೂದಲೆಳೆಯಷ್ಟು ಆಚೀಚೆ ಆಗುತ್ತದಂತೆ. ಅದಿರಲಿ, ಈ 8.10 ಅಂದರೆ ಎಂತ, ಯಾವುದಾದರೂ ವಸ್ತುವಿನ ಬೆಲೆಯಾ ಅಂತ ಕೇಳಿದ.

ನಾವು ಮುಖ ಮುಖ ನೋಡಿದೆವು. 8.10 ಅಂದರೆ ಎಂತ ಅಂತ ಗೊತ್ತಿಲ್ಲದ ಮನುಷ್ಯ ಪ್ರಪಂಚದಲ್ಲಿ ಇದ್ದಾನೆ! ಸರ್ ಬಾಯಿ ಬಿಟ್ಟು "ಹಾಗಾದರೆ ಇವನು ಶಿರ್ವದವನಲ್ಲ" ಅಂದರು. ಹೇಮಕ್ಕ ಬಹಳ ಮರ್ಯಾದೆಯಿಂದ ಒಂದೇ ವಾಕ್ಯ ಬರೆದಳು: ಸರ್, ಅದು ಕಾರ್ಕಳದ ಬಸ್ಸು.

ಆಮೇಲೆ ಉತ್ತರವೇ ಇಲ್ಲ. ಶುಕ್ರವಾರ ಹೋಯಿತು. ಮಧ್ಯೆ ಮಧ್ಯೆ ಕೆಳಗಿನವರು ಫೋನ್ ಎತ್ತಿ ಕಾಯಿಯ ವಿಚಾರ ಮಾತಾಡಿದರು. ಹೇಮಕ್ಕ ಒಂದು ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಜಾಗದಲ್ಲಿ ವಧುವಿನ ಅಪ್ಪನ ಹೆಸರು ಹಾಕಿದಳು. ಸಂಜೆ ಕಾಪುವಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತವಳು ಒಂದು ಸಲ ಮಾತ್ರ ಕೇಳಿದಳು, "ನನಗೆ ಇದೆಲ್ಲ ಆಗಲಿಕ್ಕಿಲ್ಲ ಅಲ್ವಾ?" ಅಂತ. ಆ ದಿನ ಇಬ್ಬರ ಟಿಕೆಟಿನ ದುಡ್ಡು ನಾನೇ ಕೊಟ್ಟೆ.

ಶನಿವಾರ ಮಧ್ಯಾಹ್ನ ಮಾರ್ಟಿನ್ ಬಂದ, ಅಂದರೆ ಇಮೇಲಿನಲ್ಲಿ. ಈಗ ಅರ್ಥವಾಯಿತು ಅಂತ ಬರೆದಿದ್ದ, ನೀವು ಗಡಿಯಾರದ ಸಮಯವನ್ನು ಒಂದೇ ಸಂಖ್ಯೆಯ ಹಾಗೆ ಬರೆದಿದ್ದೀರಿ, ನಡುವೆ ಒಂದು ಚುಕ್ಕಿ ಇಟ್ಟು. ಪೈಥಾನ್ ಅದನ್ನು ಎಂಟೂ ಚಿಲ್ಲರೆ ಅಂತ ಓದುತ್ತದೆ. ಅದರ ಪ್ರಕಾರ ನಿಮ್ಮ ಊರಿನಲ್ಲಿ ಗಂಟೆಗೆ ನೂರು ನಿಮಿಷ. ಎಲ್ಲವನ್ನೂ ಮೊದಲು ನಿಮಿಷ ಮಾಡಿಕೊಳ್ಳಿ.

ಹೇಮಕ್ಕ ಓದಿದಳು, ಇನ್ನೊಮ್ಮೆ ಓದಿದಳು, ಆಮೇಲೆ ನಗಲಿಕ್ಕೆ ಶುರು ಮಾಡಿದಳು. "ಗಂಟೆಗೆ ನೂರು ನಿಮಿಷವಂತೆ ಮಾರಾಯ! ಅದಕ್ಕೇ ಇಲ್ಲಿ ಕೆಲಸ ಬಿಡುವ ಐದು ಗಂಟೆ ಆಗುವುದೇ ಇಲ್ಲ!" ಸರ್ ಅಲ್ಲೇ ಇದ್ದರು. ಕೇಳಿಸಲಿಲ್ಲ ಅಂತ ಮಾಡಿದರು. ಹೇಮಕ್ಕ ಕುರ್ಚಿ ಎಳೆದು ಕೂತು ಎಲ್ಲಾ ಬಸ್ಸುಗಳನ್ನೂ ನಿಮಿಷ ಮಾಡಿದಳು.

ಆದಿತ್ಯವಾರ ಪೇರೆಂಟ್ಸ್ ಬಂದರು. ಅಷ್ಟು ಜನ ಆ ಕೋಣೆಗೆ ಹಿಡಿಸುವವರಲ್ಲ, ಅರ್ಧ ಜನ ಮೆಟ್ಟಿಲಲ್ಲಿ, ಕಾಲು ಭಾಗ ತೆಂಗಿನಕಾಯಿ ರಾಶಿಯ ಮೇಲೆ. (ಸರಿ, ಒಂದಿಪ್ಪತ್ತು ಜನ ಇದ್ದಿರಬಹುದು.) ಪ್ರಿಂಟರಿಗೂ ಸೇರಿ ವಿಶೇಷ ಊದುಬತ್ತಿ ಆಯಿತು. ಹೇಮಕ್ಕ 7ರ ಮುಂದೆ 50 ಕೊಟ್ಟು ಗುಂಡಿ ಒತ್ತಿದಳು. ಬಸ್ಸು ಮಣಿಪಾಲಕ್ಕೆ ಎಷ್ಟು ಹೊತ್ತಿಗೆ?

490.

ಹಿಂದಿನಿಂದ ಒಬ್ಬರು, "ಇದು ಬಸ್ಸಿನ ಟೈಮಾ, ಅಂಜಲ್ ಮೀನಿನ ರೇಟಾ?" ಅಂದರು. ಎಲ್ಲರೂ ನಕ್ಕರು. ಸರ್ ಮುಖ ನೋಡಿದರೆ ಆಗಲೇ ಮಣಿಪಾಲದ ಹುಡುಗನಿಗೆ ಫೋನ್ ಮಾಡುತ್ತಾ ಇದ್ದ ಹಾಗಿತ್ತು. ಹೇಮಕ್ಕ ಎಲ್ಲವನ್ನೂ ನಿಮಿಷ ಮಾಡಿದ್ದಳು, ನಿಮಿಷವನ್ನು ವಾಪಸ್ ಗಂಟೆ ಮಾಡಲಿಕ್ಕೆ ಮರೆತಿದ್ದಳು. ಇದು ನನಗೆ ಗೊತ್ತಾದದ್ದು ಆಮೇಲೆ. ಆ ಹೊತ್ತಿಗೆ ನಾನು ಬಾಗಿಲಿನ ದೂರ ಅಳೆಯುತ್ತಿದ್ದೆ.

ಅವಳು ಕೀಬೋರ್ಡಿನಿಂದ ಕೈ ತೆಗೆದಳು. ಮೀನಿನ ರೇಟು ಕೇಳಿದವರ ಕಡೆ ತಿರುಗಿದಳು. "ಎಂತ ಬರಬೇಕು ಅಂತ ನೀವು ಅಂದುಕೊಂಡಿದ್ದಿರಿ?"

"ಎಂಟು ಹತ್ತು," ಅಂದರು ಅವರು.

"ಬಂದದ್ದು ಎಂತ?"

"ನಾನೂರ ತೊಂಬತ್ತು."

"ಅದು ನಿಮಿಷ. ನಾನೂರ ತೊಂಬತ್ತು ನಿಮಿಷದಲ್ಲಿ ಎಷ್ಟು ಗಂಟೆ ಉಂಟು?"

ಕೋಣೆಯಲ್ಲಿ ಗಲಾಟೆ ಶುರುವಾಯಿತು ನೋಡಿ! ಒಬ್ಬರು ಏಳು ಅಂದರು, ಇನ್ನೊಬ್ಬರು ಒಂಬತ್ತೂವರೆ. ಬೆರಳು ಮಡಚುವವರು, ಗಾಳಿಯಲ್ಲಿ ಬರೆಯುವವರು. ಕೊನೆಗೆ ಮುಂದಿನ ಸಾಲಿನ ಒಬ್ಬರು ಅಮ್ಮ, "ಅಯ್ಯೋ, ಎಂಟು ಗಂಟೆಗೆ ನಾನೂರ ಎಂಬತ್ತು, ಉಳಿದದ್ದು ಹತ್ತಲ್ವಾ!" ಅಂತ ಕೂಗಿದರು.

"ಅಷ್ಟೇ. ಅದನ್ನು ಇದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಈಗ ಹೇಳಿಕೊಡುವ," ಅಂದಳು ಹೇಮಕ್ಕ. ಅರವತ್ತರಿಂದ ಭಾಗಿಸುವುದಕ್ಕೆ ಒಂದು ಸಾಲು, ಉಳಿದದ್ದಕ್ಕೆ ಒಂದು ಸಾಲು, ಟೈಪ್ ಮಾಡುತ್ತಾ ದೊಡ್ಡದಾಗಿ ಓದುತ್ತಾ ಹೋದಳು. ಪರದೆಯ ಮೇಲೆ 8, ಪಕ್ಕದಲ್ಲಿ 10. ಮೆಟ್ಟಿಲಲ್ಲಿ ನಿಂತವರೂ ಚಪ್ಪಾಳೆ ತಟ್ಟಿದರು, ಅವರಿಗೆ ಎಂತ ಕಂಡಿತೋ ದೇವರಿಗೇ ಗೊತ್ತು.

ಸರ್ ಮಾನಿಟರಿಗೆ ಇನ್ನೂ ಮೂರು ಸುತ್ತು ಊದುಬತ್ತಿ ತೋರಿಸಿದರು. ಆಮೇಲೆ, "ಹೇಮಾ, ನಾಳೆಯಿಂದ ಲಗ್ನಪತ್ರಿಕೆ ಬೇರೆಯವರಿಗೆ ಕೊಡು," ಅಂದರು. ನನಗೂ ಬಹಳ ಖುಷಿಯಾಯಿತು. ಆ ಬೇರೆಯವರು ನಾನು ಅಂತ ಸೋಮವಾರ ಗೊತ್ತಾಯಿತು.

ಹೇಮಕ್ಕ ಮಾರ್ಟಿನ್‌ಗೆ ಧನ್ಯವಾದ ಬರೆದಳು, ಇವರಿಂದ, ಇವರಿಗೆ, ಎಲ್ಲಾ ಹಾಕಿ. ಅವನು ವಾಪಸ್ ಕೇಳಿದ್ದು ಒಂದೇ: ಕೊನೆಗೆ ಬಸ್ಸು ಸಿಕ್ಕಿತಾ?

ಅಯ್ಯೋ, ಬಸವರಾಜನನ್ನು ಮಂಚದ ಮೇಲೆ ಕೂರಿಸಿ ಬಂದಿದ್ದೇನೆ!

ಅವನ ಪ್ರೋಗ್ರಾಂ ನನ್ನ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ನಿಮ್ಮ ಹತ್ತಿರ ಮುಚ್ಚಿಟ್ಟು ಪ್ರಯೋಜನ ಇಲ್ಲ, ನನಗೆ ಎಂತದೂ ಅರ್ಥವಾಗಲಿಲ್ಲ. ಮುಖ ಮಾತ್ರ ಎಲ್ಲಾ ಗೊತ್ತುಂಟು ಅನ್ನುವ ಹಾಗೆ ಇಟ್ಟುಕೊಂಡೆ. ಹೊತ್ತು ಕಳೆಯಲಿಕ್ಕೆ ಎಂತಾದರೂ ಹೇಳಬೇಕಲ್ಲ? "ಎಂತ ಬರಬೇಕು ಅಂತ ಅಂದುಕೊಂಡಿದ್ದೆ?" ಅಂತ ಕೇಳಿದೆ.

"ಎರಡು ಟೆಸ್ಟಿನ ಸರಾಸರಿ ತಗಿಯೂದೈತ್ರಿ ಅಣ್ಣಾ. ನಲವತ್ತೈದು, ಐವತ್ತು. ನಲವತ್ತೇಳೂವರಿ ಬರಬೇಕಿತ್ತು."

"ಬಂದದ್ದು ಎಂತ?"

"ಬರೇ ನಲವತ್ತೇಳ್ರೀ. ಅರ್ಧ ನುಂಗಾಕತ್ತೈತಿ." ಹಾಗೆ ಹೇಳಿ ಪರದೆ ನೋಡಿದ. "ತಡೀರಿ... ಎರಡರಿಂದ ಭಾಗಿಸೂ ಬದ್ಲಿ ಎರಡು ಪಾಯಿಂಟ್ ಸೊನ್ನಿ ಕೊಟ್ರ, ಅರ್ಧಾನೂ ಲೆಕ್ಕಕ್ಕ ಹಿಡೀತೈತೇನ್ರೀ?" ಕೊಟ್ಟ. 47.5 ಬಂತು. ಎದ್ದು ನಿಂತ. "ಭಾಳ ಛಲೋ ಹೇಳಿಕೊಟ್ರಿ ಅಣ್ಣಾ!" ಅಂತ ಹೋಗಿಬಿಟ್ಟ.

ನಾನು ಊದುಬತ್ತಿಯ ಹೊಗೆಯಲ್ಲಿ ಕೂತು ಯೋಚನೆ ಮಾಡಿದೆ. ಆ ದಿನ ಚುಕ್ಕಿ ಇಟ್ಟದ್ದೇ ತಪ್ಪಾಗಿತ್ತು, ಈಗ ಚುಕ್ಕಿ ಇಡದೇ ಇದ್ದದ್ದೇ ತಪ್ಪಂತೆ! ತಲೆ ಗಿರ್ ಅಂತು. ಹೇಮಕ್ಕನಿಗೆ ಫೋನ್ ಮಾಡಿದೆ. ಆ ಕಡೆಯಿಂದ ಕ್ಲಾಸಿನ ಸದ್ದು ಕೇಳುತ್ತಿತ್ತು.

"ಹೇಮಕ್ಕ, ಇಲ್ಲಿ ಒಂದು ಕೆಲಸ ಸರಿ ಆಗಲಿಲ್ಲ," ಅಂದೆ.

"ಎಂತ ಆಗಬೇಕು ಅಂತ ಅಂದುಕೊಂಡಿದ್ದೆ?"

ನಿಜವನ್ನೇ ಹೇಳಿದೆ. "ನಾನೇ ಸರಿ ಮಾಡಿಕೊಟ್ಟು, ಅವನು ಬಾಯಿ ಬಿಟ್ಟು ನನ್ನನ್ನು ನೋಡಬೇಕು ಅಂತ."

"ಆದದ್ದು ಎಂತ?"

"ಅವನೇ ಸರಿ ಮಾಡಿಕೊಂಡು ಹೋದ."

ಆ ಕಡೆ ನಗು ಕೇಳಿತು. "ಹಾಗಾದರೆ ಪ್ರೋಗ್ರಾಂ ಸರಿ ಉಂಟಲ್ಲ ಮಾರಾಯ, ಇನ್ನೆಂತ?" ಅಂದಳು. "ಇಡುತ್ತೇನೆ, ಇಲ್ಲಿ ಒಬ್ಬರಿಗೆ ಬಸ್ಸು ಏಳು ಎಪ್ಪತ್ತಕ್ಕೆ ಬಂದಿದೆ."